ಮೂವತ್ತಾರು ಗುಣ, ಇಪ್ಪತ್ತೊಂಬತ್ತು ಸಾವಿರ ಪೌಂಡು

ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವವರಿಗೆ ಎಂಥ ಅರ್ಜಿಯೂ ಅರ್ಥವಾಗುತ್ತದೆಂಬುದು ನಮ್ಮ ಸಂಘದವರ ನಂಬಿಕೆ. ಆ ನಂಬಿಕೆಯಿಂದಲೇ 2024ರ ಮಳೆಗಾಲದ ಒಂದು ಸಂಜೆ ರಾಯರೊಬ್ಬರು ಮಗನ ಕಾಗದಪತ್ರಗಳನ್ನು ಹಿಡಿದು ದಾದರಿನಿಂದ ನಮ್ಮಲ್ಲಿಗೆ ಬಂದರು. ಮಗನಿಗೆ ಆಗತಾನೆ ಮದುವೆಯಾಗಿತ್ತು. ಹುಡುಗಿ ಕನ್ನಡದವರ ಮಗಳೇ. ಆದರೆ ಹುಟ್ಟಿ ಬೆಳೆದದ್ದು ಇಂಗ್ಲೆಂಡಿನಲ್ಲಿ, ಅಲ್ಲಿಯ ಪ್ರಜೆ. ಜಾತಕದ 36 ಗುಣಗಳಲ್ಲಿ 28 ಕೂಡಿದ್ದವು. "ಹುಡುಗನ ಅದೃಷ್ಟ ಖುಲಾಯಿಸಿತು" ಎಂದು ನಾವೂ ಹೋಳಿಗೆ ತಿಂದು ಹರಸಿ ಬಂದಿದ್ದೆವು.

ಕೂಡದಿದ್ದುದು ಬೇರೊಂದು ಲೆಕ್ಕ. ಗಂಡನನ್ನೋ ಹೆಂಡತಿಯನ್ನೋ ಹೊರದೇಶದಿಂದ ಕರೆಸಿಕೊಳ್ಳುವ ಬ್ರಿಟಿಷ್ ಪ್ರಜೆಗೆ ಇಷ್ಟು ವರಮಾನವಿರಬೇಕೆಂದು ಅಲ್ಲಿಯ ಸರ್ಕಾರ 2012ರಲ್ಲಿ ಗೆರೆ ಎಳೆಯಿತು: ವರ್ಷಕ್ಕೆ 18,600 ಪೌಂಡು. 2024ರ ಏಪ್ರಿಲಿನಲ್ಲಿ ಅದು 29,000ಕ್ಕೆ ಏರಿತು. ಹುಡುಗಿಯಾದರೋ ಅಂಗಡಿಯೊಂದರಲ್ಲಿ ಕೆಲಸದವಳು. ಅದೇ ಏಪ್ರಿಲಿನಲ್ಲಿ ಅಲ್ಲಿ ಗೊತ್ತಾದ ಕನಿಷ್ಠ ಕೂಲಿ ಗಂಟೆಗೆ 11.44 ಪೌಂಡು, ವಾರಕ್ಕೆ 40 ಗಂಟೆಯಂತೆ ವರ್ಷವಿಡೀ ದುಡಿದರೂ 24,000 ಮುಟ್ಟದು. ಹುಡುಗ ಇಲ್ಲಿ ಗಳಿಸುವ ಸಂಬಳವನ್ನು ಸೇರಿಸೋಣವೆಂದರೆ ಅದು ಲೆಕ್ಕಕ್ಕಿಲ್ಲ. ದೇಶ ಸಿರಿವಂತವಾದರೇನು, ಅದರ ಬಾಗಿಲ ಬೀಗದ ಕೈ ಎಲ್ಲ ಪ್ರಜೆಗಳಿಗೂ ಸಿಕ್ಕದು.

ಹುಡುಗಿ ರಾತ್ರಿ ಪಾಳಿಯ ಎರಡನೆಯ ಕೆಲಸ ಹಿಡಿದಳಂತೆ. ಗಂಡ ಅಲ್ಲಿಗೆ ಹೋದಮೇಲೂ ಕಾಯಂ ವಾಸದ ಹಕ್ಕಿಗೆ ಐದು ವರ್ಷ ಕಾಯಬೇಕು. ಅಲ್ಲಿಯವರೆಗೆ ಅವನ ಇರವು ಆ ದಾಂಪತ್ಯಕ್ಕೇ ಗಂಟುಬಿದ್ದಿರುತ್ತದೆ. ಸಂಸಾರವೆಂದಮೇಲೆ ಸಣ್ಣ ಜಗಳ ಎಲ್ಲಿಲ್ಲ? ಆದರೆ ಒಬ್ಬರ ವೀಸಾ ಇನ್ನೊಬ್ಬರ ಕೈಯಲ್ಲಿರುವಾಗ ಜಗಳವಾಡುವುದಕ್ಕೂ ಧೈರ್ಯ ಬೇಕು. ಹೀಗೆ ಹೋದವಳು ನಮ್ಮ ಹೆಣ್ಣುಮಗಳಾದರೆ ಆ ಅಳುಕು ಇನ್ನೂ ಹೆಚ್ಚು.

ಇದನ್ನೆಲ್ಲ ಕೇಳುತ್ತಿದ್ದ ನಮ್ಮ ಮನೆಯವರು, ಕಾಫಿ ಲೋಟ ಇಡುತ್ತ, "ಅವಳೇ ಇಲ್ಲಿಗೆ ಬರಬಾರದೆ?" ಎಂದರು. ರಾಯರೂ ನಾವೂ ಮುಖ ಮುಖ ನೋಡಿಕೊಂಡೆವು. ಅಲ್ಲಿಯ ಒಂದು ಗಂಟೆಯ ಕೂಲಿ ಇಲ್ಲಿಯ ಸಾವಿರ ರೂಪಾಯಿಗೂ ಮಿಕ್ಕಿದ್ದು. ಆದ್ದರಿಂದ ಯಾರು ಯಾರ ಊರಿಗೆ ಹೋಗಬೇಕೆಂಬುದು ಮೊದಲೇ ತೀರ್ಮಾನವಾಗಿಹೋಗಿತ್ತು; ಹುಡುಗ ಹುಡುಗಿಯರನ್ನು ಯಾರೂ ಕೇಳಿಯೇ ಇರಲಿಲ್ಲ.

ಸಂಬಂಧ ಕುದುರಿಸುವ ಹಿರಿಯರು ಮೊದಲು ಆ ಒಂದು ಮಾತು ಕೇಳಲಿ. ಜಾತಕವನ್ನು ಆಮೇಲೆ ತೆಗೆದರಾದೀತು.