ವಿರಳವಾದುದು ಪತಂಗವೋ, ನೋಡುವ ಕಣ್ಣೋ?

‘ಕಂಡುಬಂದಿದೆ’ ಎಂಬುದು ನಮ್ಮ ಭಾಷೆಯ ಸಂಕೋಚದ ಕ್ರಿಯಾಪದಗಳಲ್ಲಿ ಒಂದು. ಕಂಡವರು ಯಾರೆಂದು ಅದು ಹೇಳುವುದಿಲ್ಲ. ವಸ್ತುವೇ ತಾನಾಗಿ ಎದ್ದುಬಂದು ಎದುರಿಗೆ ನಿಂತಂತೆ ಭಾಸವಾಗುತ್ತದೆ. ಬ್ರಿಟನ್ನಿನ ಜೀವಿಸಂರಕ್ಷಕರು ಇಡೀ ದೇಶವನ್ನು ಹತ್ತು ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ಹಂಚಿಕೊಂಡು, 16ರಿಂದ 100 ಚೌಕಗಳಲ್ಲಿ ಮಾತ್ರ ಕಂಡುಬಂದ ಜೀವಿಯನ್ನು ‘ರಾಷ್ಟ್ರಮಟ್ಟದಲ್ಲಿ ವಿರಳ’ ಎಂದು ಕರೆಯುತ್ತಾರೆ. ಲೆಕ್ಕ ಸರಳ, ಅನುಕೂಲಕರ. ಆದರೆ ಉಳಿದ ಚೌಕಗಳಿಗೆ ಯಾರಾದರೂ ಹೋಗಿ ನೋಡಿದ್ದರೇ ಎಂಬ ಪ್ರಶ್ನೆ ಆ ಲೆಕ್ಕದ ಹೊರಗೇ ಉಳಿಯುತ್ತದೆ. ವೇಲ್ಸಿನ ಒಂದು ಕೌಂಟಿಯಲ್ಲಿ ಕಿರುಪತಂಗಗಳನ್ನು ವರ್ಷವಿಡೀ ದಾಖಲಿಸುವವರ ಕೆಲಸದ ಬಗ್ಗೆ ಓದುತ್ತ ಹೋದಂತೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ಪ್ರಶ್ನೆಯೇ. ಸಣ್ಣ ಜೀವಿಗಳ ಮಟ್ಟಿಗಂತೂ ನಾವು ವಿರಳತೆ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ನೋಡುವವರ ವಿರಳತೆ. ಅದನ್ನು ಒಪ್ಪಿಕೊಳ್ಳದೆ ಸಂರಕ್ಷಣೆಯ ಮಾತು ಆಡುವುದು ಪೊಳ್ಳು ಎಂಬುದು ನಮ್ಮ ನಿಲುವು.

ಬ್ರಿಟನ್ನಿನಲ್ಲಿ ಸುಮಾರು 2500 ಜಾತಿಯ ಪತಂಗಗಳಿವೆ. ಅವುಗಳಲ್ಲಿ ಸುಮಾರು 900ನ್ನು ದೊಡ್ಡವೆಂದೂ ಮಿಕ್ಕ 1600ರಷ್ಟನ್ನು ಕಿರಿಯವೆಂದೂ ವಿಂಗಡಿಸುವುದು ಅಲ್ಲಿನ ರೂಢಿ. ಈ ವಿಂಗಡಣೆಗೆ ವಿಜ್ಞಾನದ ಬಲವಿಲ್ಲ. ಕಿರಿಯವೆನಿಸಿಕೊಂಡ ಕೆಲವು ‘ದೊಡ್ಡ’ ಪತಂಗಗಳಿಗಿಂತ ದೊಡ್ಡವಾಗಿವೆ. ಹಿಂದಿನ ಸಂಗ್ರಾಹಕರು ಕಣ್ಣಿಗೆ ಚೆಂದ ಕಂಡವನ್ನು ಒಂದು ಕಡೆಗಿಟ್ಟರು, ಮಿಕ್ಕವನ್ನು ಇನ್ನೊಂದು ಕಡೆಗೆ ಸರಿಸಿದರು. ಸಾಹಿತ್ಯಚರಿತ್ರೆಯಲ್ಲಿ ‘ಇತರ ಕವಿಗಳು’ ಎಂಬ ಅಧ್ಯಾಯದ ಪಾಡನ್ನು ಬಲ್ಲ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಟರ್‌ಫ್ಲೈ ಕನ್ಸರ್ವೇಶನ್ ಸಂಸ್ಥೆ 2007ರಲ್ಲಿ ಆರಂಭಿಸಿದ ರಾಷ್ಟ್ರೀಯ ಪತಂಗ ದಾಖಲೆ ಯೋಜನೆ ಕಿರುಪತಂಗಗಳನ್ನು ಒಳಗೆ ಕರೆದುಕೊಂಡದ್ದು 2016ರಲ್ಲಿ.

ನಾವು ಉದಾಹರಣೆಗೆ ತೆಗೆದುಕೊಳ್ಳುವುದು ಪಶ್ಚಿಮ ವೇಲ್ಸಿನ ಕಾರ್ಡಿಗನ್‌ಶೈರನ್ನು. 1974ರಲ್ಲಿ ಅದನ್ನು ನೆರೆಯ ಎರಡು ಕೌಂಟಿಗಳೊಡನೆ ಸೇರಿಸಿ ಡವೆಡ್ ಎಂಬ ಹೆಸರಿಟ್ಟರು. 1996ರಲ್ಲಿ ಮತ್ತೆ ಬೇರ್ಪಡಿಸಿದರು, ಈಗ ಅದು ಕೆರೆಡಿಗಿಯನ್. ಆದರೆ ಪತಂಗ ದಾಖಲಿಸುವವರಿಗೆ ಅದು ಅಂದೂ ಇಂದೂ ‘ಉಪಕೌಂಟಿ 46’. ಸಸ್ಯವಿಜ್ಞಾನಿ ಹ್ಯೂವೆಟ್ ಕಾಟ್ರೆಲ್ ವಾಟ್ಸನ್ 1852ರಲ್ಲಿ ಗ್ರೇಟ್ ಬ್ರಿಟನ್ನನ್ನು 112 ಉಪಕೌಂಟಿಗಳಾಗಿ ಹಂಚಿ ಎಳೆದ ಗೆರೆಗಳನ್ನು ಯಾವ ಸರ್ಕಾರದ ಮರುವಿಂಗಡಣೆಯೂ ಅಳಿಸಿಲ್ಲ. ಹೀಗಾಗಿ ನೂರು ವರ್ಷದ ಹಿಂದಿನ ದಾಖಲೆಯನ್ನೂ ನಿನ್ನೆಯದನ್ನೂ ಒಂದೇ ನೆಲದ ಮೇಲೆ ಇಟ್ಟು ಹೋಲಿಸಬಹುದು. ಗಡಿಗಳು ಸರಿದಾಡುವುದನ್ನೂ, ಊರು ಕದಲದೆಯೇ ಅದರ ರಾಜ್ಯ ಬದಲಾಗುವುದನ್ನೂ ಕಂಡ ನಮ್ಮಂಥ ಹೊರನಾಡು ಕನ್ನಡಿಗರಿಗೆ ಈ ಹಟದಲ್ಲಿರುವ ವಿವೇಕ ಸುಲಭವಾಗಿ ಅರ್ಥವಾಗುತ್ತದೆ.

ಅಲ್ಲಿ ದಾಖಲೆಯ ವರ್ಷ ಆರಂಭವಾಗುವುದು ಪತಂಗವೇ ಹಾರದ ಚಳಿಗಾಲದಲ್ಲಿ. ಬ್ರ್ಯಾಂಬಲ್ ಎಂಬ ಮುಳ್ಳುಪೊದೆಯ ಎಲೆಯೊಳಗೆ ಸ್ಟಿಗ್ಮೆಲ್ಲಾ ಔರೆಲ್ಲಾ ಎಂಬ ಪತಂಗದ ಮರಿಹುಳು ಕೊರೆದ ಬಿಳಿಯ ಅಂಕುಡೊಂಕು ಸುರಂಗ ಜನವರಿಯಲ್ಲೂ ಕಾಣುತ್ತದೆ. ಕೆಲವೇ ಮಿಲಿಮೀಟರ್ ರೆಕ್ಕೆಯಗಲದ ಈ ಕುಟುಂಬದಲ್ಲಿ ಆತಿಥೇಯ ಗಿಡ ಯಾವುದು, ಸುರಂಗ ಹೇಗೆ ತಿರುಗಿದೆ, ಹುಳುವಿನ ಹಿಕ್ಕೆ ಅದರೊಳಗೆ ಹೇಗೆ ಸಾಲುಗಟ್ಟಿದೆ ಎಂಬುದನ್ನು ನೋಡಿ ಎಷ್ಟೋ ಸಲ ಜಾತಿಯನ್ನು ಹೇಳಬಹುದು. ಮಾರ್ಚಿನ ಹೊತ್ತಿಗೆ ಮರದ ಬೊಡ್ಡೆಗಳ ಮೇಲೆ ಡಯೂರ್ನಿಯಾ ಫ್ಯಾಜೆಲ್ಲಾ ಕೂತಿರುತ್ತದೆ. ಮೇ ತಿಂಗಳಲ್ಲಿ ಬಟರ್‌ಕಪ್ ಹೂವಿನೊಳಗೆ ಮೈಕ್ರಾಪ್ಟೆರಿಕ್ಸ್ ಕ್ಯಾಲ್ತೆಲ್ಲಾ ಗುಂಪಾಗಿ ಪರಾಗ ತಿನ್ನುತ್ತಿರುತ್ತದೆ. ಮಕರಂದ ಹೀರುವ ನಳಿಕೆಯ ಬದಲು ಅಗಿಯುವ ದವಡೆಯುಳ್ಳ ಪುರಾತನ ವಂಶ ಅದರದು. ಅದೇ ತಿಂಗಳ ಬಿಸಿಲಿನಲ್ಲಿ ಓಕ್ ಪೊದೆಗಳ ಸುತ್ತ, ಮೈಗಿಂತ ಎಷ್ಟೋ ಉದ್ದವಾದ ಮೀಸೆಗಳನ್ನು ಹೊತ್ತ ಅಡೆಲಾ ಗಂಡುಗಳು ಕುಣಿಯುತ್ತವೆ. ಇವೆಲ್ಲ ಹಗಲಿನಲ್ಲೇ ಕಣ್ಣಿಗೆ ಬೀಳುವಂಥವು. ಪತಂಗವೆಂದರೆ ಇರುಳಿನದು ಎಂಬ ನಮ್ಮ ಕಲ್ಪನೆ ಎಷ್ಟು ಇಕ್ಕಟ್ಟಿನದು ಎಂಬುದು ಇಲ್ಲಿಯೇ ತಿಳಿಯುತ್ತದೆ.

ಬೇಸಗೆ ದೀಪದ ಕಾಲ. ಗಾಳಿಯಿಲ್ಲದ, ಮೋಡ ಕವಿದ, ಬೆಚ್ಚನೆಯ ಇರುಳು ಅವರಿಗೆ ಹಬ್ಬ. ನಾವು ಮೆಚ್ಚುವ ನಕ್ಷತ್ರ ತುಂಬಿದ ತಂಪು ರಾತ್ರಿ ಅವರಿಗೆ ವ್ಯರ್ಥ. ದೀಪದ ಕೆಳಗಿನ ಪೆಟ್ಟಿಗೆಯಲ್ಲಿ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಜೋಡಿಸಿರುತ್ತಾರೆ. ಬೆಳಗಾಗುವ ಹೊತ್ತಿಗೆ ಅವುಗಳ ಗುಳಿಗಳಲ್ಲಿ ಪತಂಗಗಳು ತಂಗಿರುತ್ತವೆ. ಒಂದೊಂದನ್ನೂ ಗುರುತಿಸಿ, ಬರೆದುಕೊಂಡು, ಪೊದೆಗೆ ಬಿಟ್ಟುಬಿಡುತ್ತಾರೆ. ನಮ್ಮ ಕಾವ್ಯಪರಂಪರೆಯಲ್ಲಿ ಪತಂಗಕ್ಕೆ ದೀಪವೆಂದರೆ ಮರಣ, ಮೋಹದ ಪರಿಣಾಮ. ಇಲ್ಲಿ ಅದೇ ದೀಪ ಗುರುತಿನ ಸಾಧನ. ಕವಿಸಮಯ ಸುಳ್ಳೆಂದು ನಾವು ಹೇಳುತ್ತಿಲ್ಲ. ಸಾವಿರ ವರ್ಷ ಪತಂಗವನ್ನು ಉಪಮಾನವಾಗಿ ಬಳಸಿಕೊಂಡ ನಾವು ಆ ಪತಂಗ ಯಾವುದೆಂದು ಒಮ್ಮೆಯಾದರೂ ಕೇಳಬಹುದಿತ್ತು ಎನ್ನುತ್ತೇವೆ.

ಶರತ್ಕಾಲದಲ್ಲಿ ಕೆಲಸ ಮತ್ತೆ ಎಲೆಗೆ ಮರಳುತ್ತದೆ. ನವೆಂಬರಿನಲ್ಲಿ ಉದುರಿ ಹಳದಿಯಾದ ಓಕ್ ಎಲೆಯಲ್ಲಿ ಅಲ್ಲಲ್ಲಿ ಒಂದು ಹಸಿರು ಮಚ್ಚೆ ಉಳಿದಿರುತ್ತದೆ. ಮರ ಕೈಬಿಟ್ಟ ಎಲೆಯಲ್ಲಿ ಅಷ್ಟು ಭಾಗವನ್ನು ಮಾತ್ರ ಜೀವಂತವಾಗಿ ಇಟ್ಟುಕೊಂಡು ಎಕ್ಟೊಡೀಮಿಯಾ ಕುಲದ ಮರಿಹುಳು ತನ್ನ ಊಟ ಮುಗಿಸುತ್ತದೆ. ವಿಜ್ಞಾನಿಗಳು ಇದನ್ನು ‘ಹಸಿರು ದ್ವೀಪ’ ಎನ್ನುತ್ತಾರೆ. ಉದುರಿದ ಎಲೆಗಳನ್ನು ಗುಡಿಸಿ ಸುಡುವವರು ಏನನ್ನು ಸುಡುತ್ತಿದ್ದಾರೆಂಬುದು ಅವರಿಗೆ ಗೊತ್ತಿರುವುದಿಲ್ಲ. ಡಿಸೆಂಬರಿನ ವೇಳೆಗೆ ವರ್ಷದ ಪಟ್ಟಿಗಳೆಲ್ಲ ಕೌಂಟಿಯ ದಾಖಲೆಗಾರರ ಬಳಿ ಸೇರುತ್ತವೆ. ಸಂಬಳವಿಲ್ಲದ ಹುದ್ದೆ ಅದು. ಏನು, ಎಲ್ಲಿ, ಯಾವಾಗ, ಯಾರು ಎಂಬ ನಾಲ್ಕು ಅಂಶಗಳಲ್ಲಿ ಒಂದು ತಪ್ಪಿದರೂ ಅದು ದಾಖಲೆಯಲ್ಲ. ನಮ್ಮ ಶಾಸನಗಳು ಕೇಳಿಕೊಂಡದ್ದೂ ಹೆಚ್ಚುಕಡಿಮೆ ಇದನ್ನೇ: ದಾನವೇನು, ಊರು ಯಾವುದು, ಶಕವರ್ಷ ಎಷ್ಟು, ಕೊಟ್ಟವರು ಯಾರು. ಹೊಗಳಿಕೆಯ ಸಾಲುಗಳನ್ನು ಇತಿಹಾಸಕಾರ ಸಂಶಯದಿಂದ ಓದಿದರೂ ಆ ನಾಲ್ಕನ್ನು ಹಿಡಿದುಕೊಂಡೇ ಮುಂದೆ ಸಾಗುತ್ತಾನೆ.

ಇನ್ನು ಈ ಕೆಲಸದ ಅತ್ಯಂತ ಕಠಿಣ ಪ್ರಶ್ನೆಗೆ ಬರೋಣ. ಹಲವು ಕಿರುಪತಂಗಗಳನ್ನು ಹೊರರೂಪದಿಂದ ಬೇರ್ಪಡಿಸಲು ಸಾಧ್ಯವೇ ಇಲ್ಲ; ಕೊಂದು, ಜನನಾಂಗವನ್ನು ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಂದು ಜೀವಿ ಇಲ್ಲಿದೆ ಎಂದು ಸಾಬೀತುಪಡಿಸಲು ಅದನ್ನೇ ಇಲ್ಲವಾಗಿಸುವುದು ನ್ಯಾಯವೇ? ಅಹಿಂಸೆಯನ್ನು ಬಾಯಿಮಾತಿಗಾದರೂ ಉಳಿಸಿಕೊಂಡ ನಾಡಿನವರಾದ ನಮಗೆ ಇದು ತಟ್ಟನೆ ಚುಚ್ಚುತ್ತದೆ. ಆದರೂ ನಾವು ಇದನ್ನು ಪೂರ್ತಿ ತಳ್ಳಿಹಾಕಲಾರೆವು. ಒಂದು ಜೌಗನ್ನು ಬರಿದುಮಾಡುವುದರಿಂದ, ಒಂದು ಬೇಲಿಸಾಲನ್ನು ಕಿತ್ತೊಗೆಯುವುದರಿಂದ ಲೆಕ್ಕಕ್ಕೆ ಸಿಗದಷ್ಟು ಹುಳುಗಳು ಸಾಯುತ್ತವೆ. ಅವುಗಳಿಗೆ ಹೆಸರಿಲ್ಲದ ಕಾರಣ ಆ ಸಾವಿಗೆ ಸಾಕ್ಷಿಯೂ ಇರುವುದಿಲ್ಲ. ಒಂದೆರಡು ಪ್ರಾಣದ ಬೆಲೆಗೆ ಒಂದು ನೆಲೆ ಗುರುತಿಗೆ ಬರುವುದಾದರೆ ಅದನ್ನು ಕೇವಲ ಕ್ರೌರ್ಯ ಎನ್ನಲಾಗದು. ಆದರೆ ಷರತ್ತುಗಳಿರಬೇಕು: ಎಲೆಯ ಸುರಂಗದಿಂದಲೋ, ಕೊಲಿಯೊಫೊರಾ ಹುಳು ರೇಷ್ಮೆಯಿಂದ ಹೆಣೆದು ಹೊತ್ತು ತಿರುಗುವ ಗೂಡಿನ ಆಕಾರದಿಂದಲೋ ತಿಳಿಯುವುದಾದರೆ ಕೊಲ್ಲಕೂಡದು, ಒಮ್ಮೆ ಖಚಿತವಾದ ತಾಣದಲ್ಲಿ ಮತ್ತೆ ಮತ್ತೆ ಕೊಲ್ಲಕೂಡದು, ಪಟ್ಟಿಯನ್ನು ಉದ್ದವಾಗಿಸುವ ಹೆಮ್ಮೆಗಾಗಿಯಂತೂ ಕೂಡದೇ ಕೂಡದು. ‘ಜಾತಿ ಖಚಿತವಿಲ್ಲ’ ಎಂದು ಬರೆದು ಬಿಟ್ಟುಬಿಡುವ ವಿನಯವೂ ಪಾಂಡಿತ್ಯದ ಒಂದು ಭಾಗವೇ.

ಇಷ್ಟೆಲ್ಲ ಶ್ರಮದಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. 1968ರಿಂದ 2017ರವರೆಗಿನ ಐವತ್ತು ವರ್ಷಗಳಲ್ಲಿ ಬ್ರಿಟನ್ನಿನ ದೊಡ್ಡ ಪತಂಗಗಳ ಒಟ್ಟು ಸಂಖ್ಯೆ ಶೇಕಡಾ 33ರಷ್ಟು ಕುಸಿದಿದೆ ಎಂದು 2021ರಲ್ಲಿ ಹೇಳಲು ಸಾಧ್ಯವಾದದ್ದು ರಾಥಮ್‌ಸ್ಟೆಡ್ ಸಂಶೋಧನಾ ಸಂಸ್ಥೆಯ ದೀಪದ ಬಲೆಗಳಲ್ಲಿ ರಾತ್ರಿ ರಾತ್ರಿ ಎಣಿಸಿದ್ದರಿಂದ. ಎಣಿಸದಿದ್ದರೆ ಪತಂಗಗಳು ಕಡಿಮೆಯಾಗುತ್ತಲೇ ಇರುತ್ತಿದ್ದವು, ಅದು ಹಿರಿಯರ ಹಳಹಳಿಕೆಯಾಗಿ ಮಾತ್ರ ಉಳಿಯುತ್ತಿತ್ತು. ಇನ್ನೊಂದು ನಿದರ್ಶನ ಇದಕ್ಕಿಂತ ಸೋಜಿಗದ್ದು. ಹಾರ್ಸ್ ಚೆಸ್ಟ್‌ನಟ್ ಮರದ ಎಲೆಗಳನ್ನು ಕಂದಿಸುವ ಕ್ಯಾಮೆರಾರಿಯಾ ಓಹ್ರಿಡೆಲ್ಲಾ ಎಂಬ ಕಿರುಪತಂಗವನ್ನು ವಿಜ್ಞಾನ ಹೆಸರಿಸಿದ್ದು 1986ರಲ್ಲಿ, ಮ್ಯಾಸಿಡೋನಿಯಾದ ಓಹ್ರಿಡ್ ಸರೋವರದ ಬಳಿ ಸಿಕ್ಕ ಪತಂಗಗಳಿಂದ. ಬ್ರಿಟನ್ನಿಗೆ ಅದು ಬಂದದ್ದು 2002ರಲ್ಲಿ. ಅದರ ಮೂಲ ಎಲ್ಲಿ ಎಂಬ ಚರ್ಚೆ ನಡೆಯುತ್ತಿದ್ದಾಗ ಉತ್ತರ ಸಿಕ್ಕಿದ್ದು ಹಳೆಯ ಸಸ್ಯಸಂಗ್ರಹಗಳಲ್ಲಿ: 1879ರಲ್ಲಿ ಗ್ರೀಸಿನಲ್ಲಿ ಕಿತ್ತು ಒತ್ತಿಟ್ಟ ಎಲೆಗಳೊಳಗೆ ಅದೇ ಹುಳುವಿನ ಸುರಂಗಗಳಿದ್ದವು. ಎಲೆ ಕಿತ್ತವರ ಗಮನವಿದ್ದದ್ದು ಮರದ ಮೇಲೆ. ಊರು ಮತ್ತು ವರ್ಷವನ್ನು ಬರೆದಿಟ್ಟಿದ್ದರಿಂದ, ತಮಗೆ ಗೊತ್ತಿಲ್ಲದ ಪ್ರಶ್ನೆಗೂ ಅವರು ಉತ್ತರ ಬಿಟ್ಟುಹೋಗಿದ್ದರು.

ಆದರೆ ದಾಖಲೆಯನ್ನೇ ರಕ್ಷಣೆ ಎಂದು ಭ್ರಮಿಸಬಾರದು. ರೋಸಿ ಮಾರ್ಷ್ ಎಂಬ ಪತಂಗ (ಇದು ದೊಡ್ಡವುಗಳ ಸಾಲಿನದು) ಪೂರ್ವ ಇಂಗ್ಲೆಂಡಿನ ಜೌಗುಗಳನ್ನು ಬರಿದುಮಾಡಿದ ಮೇಲೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಣ್ಮರೆಯಾಯಿತು. ಬ್ರಿಟನ್ನಿನಲ್ಲಿ ಅಳಿದುಹೋಯಿತೆಂದೇ ಭಾವಿಸಿದರು. ನೂರು ವರ್ಷ ಕಳೆದ ಮೇಲೆ, 1960ರ ದಶಕದಲ್ಲಿ ಅದು ವೇಲ್ಸಿನಲ್ಲಿ ಮತ್ತೆ ಸಿಕ್ಕಿತು. ಕೆರೆಡಿಗಿಯನ್ನಿನ ಕೊರ್ಸ್ ಫೊಖ್ನೊ ಎಂಬ ಜೌಗು ಇಂದಿಗೂ ಅದರ ಪ್ರಸಿದ್ಧ ನೆಲೆ. ಅಲ್ಲಿ ಅದರ ಮರಿಹುಳು ಬಾಗ್ ಮಿರ್ಟಲ್ ಗಿಡವನ್ನು ತಿಂದು ಬೆಳೆಯುತ್ತದೆ. ಪತಂಗವನ್ನು ಉಳಿಸಿದ್ದು ಪಟ್ಟಿಯಲ್ಲ, ಜೌಗು. ಜೌಗು ಹೋಗಿದ್ದರೆ ಪಟ್ಟಿ ಚರಮಗೀತೆಯಾಗುತ್ತಿತ್ತು. ಆದರೆ ಯಾರೂ ಹುಡುಕದೆ ಹೋಗಿದ್ದರೆ ಆ ಜೌಗಿನ ಪರವಾಗಿ ಹೇಳುವ ಮಾತುಗಳಲ್ಲಿ ಒಂದು ಕಡಿಮೆಯಾಗುತ್ತಿತ್ತು ಎಂಬುದೂ ಅಷ್ಟೇ ನಿಜ.

ನಮ್ಮಂಥ ಸಾಹಿತ್ಯಾಸಕ್ತರಿಗೆ ಇದರಲ್ಲಿ ಏನು ಕೆಲಸ? ವೇಲ್ಸಿನ ಉತ್ತರವನ್ನು ನೋಡಬಹುದು. ಅಲ್ಲಿನ ಎಡ್ವರ್ಡ್ ಲುಯಿಡ್ (1660–1709) ಸಸ್ಯವಿಜ್ಞಾನಿಯೂ ಹೌದು, ಭಾಷಾವಿಜ್ಞಾನಿಯೂ ಹೌದು. ಸೆಲ್ಟಿಕ್ ಭಾಷೆಗಳನ್ನು ಹೋಲಿಸಿ ನೋಡಿದ ಅವರ ಗ್ರಂಥ ಹೊರಬಂದದ್ದು 1707ರಲ್ಲಿ. ಅವರ ಹೆಸರನ್ನೇ ಹೊತ್ತ ನಿಸರ್ಗಪ್ರಿಯರ ಸಂಘವೊಂದು 1978ರಿಂದ ವೆಲ್ಷ್ ಭಾಷೆಯಲ್ಲಿಯೇ ಕೆಲಸ ಮಾಡುತ್ತಿದೆ, ಜೀವಿಗಳ ವೆಲ್ಷ್ ಹೆಸರುಗಳ ಪಟ್ಟಿಗಳನ್ನು ಪ್ರಕಟಿಸುತ್ತಿದೆ. ಗುವಿವಿನ್ ಎಂದರೆ ಆ ಭಾಷೆಯಲ್ಲಿ ಪತಂಗ. ದೊಡ್ಡ ಭಾಷೆಯೊಂದರ ನೆರಳಿನಲ್ಲಿ ಬದುಕುವ ಜನ ತಮ್ಮ ಹೊಲದಂಚಿನ ಹುಳುವನ್ನು ತಮ್ಮ ಮಾತಿನಲ್ಲಿ ಕರೆಯಬೇಕೆಂದು ಬಯಸುವುದು ಸಣ್ಣ ಸಂಗತಿಯಲ್ಲ.

ನಮ್ಮ ಕಡೆ ಆದದ್ದೇನು? ಇಂಗ್ಲೆಂಡಿನ ಶಾಲಾ ಶಿಕ್ಷಕ ಎಡ್ವರ್ಡ್ ಮೇರಿಕ್ (1854–1938) ಹತ್ತು ಸಾವಿರಕ್ಕೂ ಹೆಚ್ಚು ಕಿರುಪತಂಗಗಳಿಗೆ ಹೆಸರಿಟ್ಟವರು. ಕೊಡಗು ಮತ್ತು ಕಾರವಾರಗಳಿಂದ ಹೋದ ಪತಂಗಗಳೂ ಅವುಗಳಲ್ಲಿವೆ. ಆ ಕಾಲಕ್ಕೆ ಕಾರವಾರ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ಅದೇ ಕಾರವಾರದಲ್ಲಿ ನೆಲೆಸಿದ್ದ ಅರಣ್ಯಾಧಿಕಾರಿ ಟಿ. ಆರ್. ಬೆಲ್ ಅವರು ಸ್ಕಾಟ್ ಎಂಬುವರೊಡನೆ ಗಿಡುಗ ಪತಂಗಗಳ ಕುರಿತು ಬರೆದ ಸಂಪುಟ 1937ರಲ್ಲಿ ಪ್ರಕಟವಾಯಿತು. ನಮ್ಮ ನೆಲದ ಈ ಹುಳುಗಳಿಗೆ ಲ್ಯಾಟಿನ್ ಹೆಸರಿದೆ. ಕನ್ನಡದಲ್ಲಿ ಅವೆಲ್ಲ ಒಟ್ಟಾಗಿ ‘ದೀಪದ ಹುಳು’. ತೇಜಸ್ವಿಯವರ ‘ಕರ್ವಾಲೊ’ವನ್ನು ಓದಿ ಮೆಚ್ಚಿದವರು ನಾವು. ಆ ಕಾದಂಬರಿಯಲ್ಲಿ ಹಾರುವ ಓತಿಯ ಜಾಡು ತಿಳಿದವನು ಮಂದಣ್ಣ, ಮತ್ತು ವಿಜ್ಞಾನಿ ಅವನ ಕಣ್ಣನ್ನು ನಂಬುತ್ತಾನೆ. ಮೆಚ್ಚಿದ್ದು ಆಯಿತು, ಮಂದಣ್ಣನಂತೆ ನೋಡುವುದನ್ನು ಕಲಿತೆವೇ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಹೊಸ ಹೆಸರುಗಳನ್ನು ಟಂಕಿಸುವ ಆತುರ ನಮಗೆ ಬೇಡ. ಇಂಗ್ಲಿಷಿನಲ್ಲಿ ಕಿರುಪತಂಗಗಳಿಗೆ ಹೀಗೆ ಕಟ್ಟಿದ ಹೆಸರುಗಳ ಬಗ್ಗೆಯೇ ಒಮ್ಮತವಿಲ್ಲ. ಮೊದಲು ಬೇಕಾದದ್ದು ನೋಡಿದ್ದನ್ನು ಕನ್ನಡದಲ್ಲಿ ಬರೆದಿಡುವ ಅಭ್ಯಾಸ. ಪುಣೆಯ ಬಾಲ್ಕನಿಯಾಗಲಿ, ಚೆಂಬೂರಿನ ಮೆಟ್ಟಿಲಿನ ಬಲ್ಬಾಗಲಿ, ರಜೆಗೆ ಹೋದ ಶಿರಸಿಯ ಮನೆಯ ಜಗಲಿಯಾಗಲಿ, ಗೋಡೆಗೆ ಬಂದು ಕೂತದ್ದರ ಬಣ್ಣ, ಅಳತೆ, ಊರು, ತಾರೀಖು, ನೋಡಿದವರ ಹೆಸರು ಇಷ್ಟನ್ನು ಬರೆದು, ಒಂದು ಚಿತ್ರ ಇಟ್ಟುಕೊಂಡರೆ ಸಾಕು. ಜಾತಿ ತಿಳಿಯದಿದ್ದರೂ ಸರಿ. ತಿಳಿಸುವವರು ಮುಂದೆ ಬರಬಹುದು. ನಮ್ಮ ಬಳಗದ ಬರಹಗಾರರು ಊರಿನ ನೆನಪುಗಳನ್ನು ಧಾರಾಳವಾಗಿ ಬರೆಯುತ್ತಾರೆ. ಆ ನೆನಪುಗಳ ಪಕ್ಕದಲ್ಲಿ ಇಂಥದೊಂದು ತಾರೀಖು ಹಾಕಿದ ಪುಟವೂ ಇರಲಿ ಎಂಬುದು ನಮ್ಮ ಕೋರಿಕೆ.