ಆಡದೆ ಮಾಡಿದವರು

ಕ್ರಾಂತಿಯ ಮಾತನ್ನು ಬಿಟ್ಟು ಸುಧಾರಣೆಯ ದಾರಿಯನ್ನು ಹಿಡಿಯೋಣವೆಂದು ಜರ್ಮನಿಯ ಸೋಷಿಯಲ್ ಡೆಮೊಕ್ರಾಟಿಕ್ ಪಕ್ಷಕ್ಕೆ 1899ರಲ್ಲಿ ಬಹಿರಂಗವಾಗಿ ಹೇಳಿದವನು ಎಡ್ವರ್ಡ್ ಬರ್ನ್‌ಸ್ಟೈನ್. ಪಕ್ಷವಾದರೋ ಚುನಾವಣೆ, ಕಾರ್ಮಿಕ ಸಂಘಗಳ ಕೆಲಸದಲ್ಲಿ ಆಗಲೇ ಆ ದಾರಿಯನ್ನೇ ತುಳಿಯುತ್ತಿದ್ದಿತು. ಆದರೂ 1903ರ ಡ್ರೆಸ್ಡೆನ್ ಅಧಿವೇಶನವು ಅವನ ವಾದವನ್ನು ಖಂಡಿಸಿತು. ಇಂಥದನ್ನು ಹೇಳಬಾರದು, ಸುಮ್ಮನೆ ಮಾಡಿಬಿಡಬೇಕು ಎಂದು ಪಕ್ಷದ ಕಾರ್ಯದರ್ಶಿ ಇಗ್ನಾಟ್ಸ್ ಆವರ್ ಅವನಿಗೆ ಮೊದಲೇ ಪತ್ರದಲ್ಲಿ ಬುದ್ಧಿ ಹೇಳಿದ್ದನು. ಸರ್ವಜ್ಞನು ಈ ನೀತಿಗೆ ತಲೆದೂಗಿಯಾನು. ಜನರ ಮತವನ್ನು ಬೇಡುವ ಪಕ್ಷಕ್ಕೆ ಅದು ಸಲ್ಲದೆಂದೇ ನನ್ನ ಭಾವನೆ. ಬಾಯಲ್ಲಿ ಕ್ರಾಂತಿ, ಕೈಯಲ್ಲಿ ಸುಧಾರಣೆ ಎಂದಾದರೆ ಮಾತು ಹೊರಗಿನವರನ್ನು ಬೆದರಿಸುತ್ತದೆ, ಕೃತಿಯು ಒಳಗಿನವರನ್ನು ನಿರಾಶೆಗೊಳಿಸುತ್ತದೆ. 'ಮಂದಗಾಮಿ' ಎಂಬ ನಮ್ಮ ಪದದಲ್ಲಿ ಹೇಡಿತನದ ಸೋಂಕೊಂದಿದೆ. ಬರ್ನ್‌ಸ್ಟೈನನಿಗೆ ಅದು ಒಪ್ಪದು. ಮಹಾಯುದ್ಧವನ್ನು ವಿರೋಧಿಸಿ 1917ರಲ್ಲಿ ಅವನು ಆ ಪಕ್ಷವನ್ನೇ ತೊರೆದಿದ್ದನು. ಅವನು ತೀರಿಕೊಂಡದ್ದು 1932ರಲ್ಲಿ. ಪಕ್ಷವು ಅವನ ದಾರಿಯನ್ನು ಬಾಯಿಬಿಟ್ಟು ಒಪ್ಪಿದ್ದು 1959ರಲ್ಲಿ, ಬಾಡ್ ಗೋಡೆಸ್‌ಬರ್ಗಿನ ಅಧಿವೇಶನದಲ್ಲಿ.