ಬೆಂಗಾಲ್ ಬೆಕ್ಕು: ಚುಕ್ಕೆಯ ಮೋಹ, ಕಾಡಿನ ನಷ್ಟ

ಮೈತುಂಬ ಚಿರತೆಯಂಥ ಚುಕ್ಕೆಗಳಿರುವ ‘ಬೆಂಗಾಲ್’ ಬೆಕ್ಕು ಭಾರತದ ನಗರಗಳಲ್ಲಿಯೂ ಈಗ ಪ್ರತಿಷ್ಠೆಯ ಸಂಕೇತ. ಹೆಸರು ಬಂಗಾಳದ್ದಾದರೂ ತಳಿ ಹುಟ್ಟಿದ್ದು ಅಮೆರಿಕದಲ್ಲಿ. ಆದರೆ ಅದರ ಪೂರ್ವಜರಲ್ಲೊಂದಾದ ಚಿರತೆ ಬೆಕ್ಕು ಮಲೆನಾಡಿಗರ ನೆರೆಯದೇ. ಕಾನು, ಕಾಫಿ ತೋಟ, ಹಳ್ಳದಂಚುಗಳಲ್ಲಿ ಇರುಳು ಸಂಚರಿಸುವ ಈ ಪುಟ್ಟ ಬೇಟೆಗಾರನ ವೈಜ್ಞಾನಿಕ ನಾಮ ಪ್ರಿಯೊನೈಲ್ಯುರಸ್ ಬೆಂಗಾಲೆನ್ಸಿಸ್. ತಳಿಗೆ ಹೆಸರು ಬಂದದ್ದು ಅಲ್ಲಿಂದ.

ಕ್ಯಾಲಿಫೋರ್ನಿಯದ ಜೀನ್ ಮಿಲ್ 1963ರಲ್ಲಿ ಚಿರತೆ ಬೆಕ್ಕನ್ನು ಸಾಕುಬೆಕ್ಕಿನೊಡನೆ ಕೂಡಿಸಿದ್ದರು. 1970ರ ದಶಕದಲ್ಲಿ ತಳಿವಿಜ್ಞಾನಿ ವಿಲ್ಲರ್ಡ್ ಸೆಂಟರ್‌ವಾಲ್ ಬೆಕ್ಕುಗಳ ರಕ್ತಕ್ಯಾನ್ಸರ್ ಸಂಶೋಧನೆಗಾಗಿ ಇಂಥ ಮಿಶ್ರತಳಿಯ ಮರಿಗಳನ್ನು ಪಡೆದರು. ಅವುಗಳಲ್ಲಿ ಕೆಲವು ಮಿಲ್ ಅವರ ಕೈಸೇರಿ ತಳಿ ಬೆಳೆಯಿತು. ದೆಹಲಿ ಮೃಗಾಲಯದ ಘೇಂಡಾಮೃಗದ ಆವರಣದಲ್ಲಿ ಅಲೆಯುತ್ತಿದ್ದ ಚುಕ್ಕೆಯ ಬೀದಿಬೆಕ್ಕೊಂದನ್ನೂ ಅವರು ಇದಕ್ಕೆ ಬಳಸಿಕೊಂಡರು. 1986ರಲ್ಲಿ ಅಂತರರಾಷ್ಟ್ರೀಯ ಬೆಕ್ಕು ಸಂಘಟನೆಯ ನೋಂದಣಿಯೂ ದೊರೆಯಿತು.

ಮೊದಲ ಪೀಳಿಗೆಯಲ್ಲಿ ಕಾಡಿನ ಅಂಶ ಅರ್ಧ. ನಾಲ್ಕನೆಯದರಲ್ಲಿ ಸುಮಾರು ಹದಿನಾರನೆಯ ಒಂದು ಪಾಲು. ಮೊದಲ ಮೂರು ಪೀಳಿಗೆಗಳ ಗಂಡುಗಳು ಸಾಮಾನ್ಯವಾಗಿ ಬಂಜೆ. ಈ ಪೀಳಿಗೆಗಳ ಬೆಕ್ಕುಗಳು ಅಂಜುಬುರುಕ. ಮನೆಗೆ ಒಗ್ಗುವುದು ಕಷ್ಟ. ನಾಲ್ಕನೆಯದರಿಂದಾಚೆಗಿನವು ಸಾಕುಬೆಕ್ಕುಗಳೆನಿಸಿದರೂ ಅವುಗಳ ಚಟುವಟಿಕೆ ಅಪಾರ. ಏರಲು ಎತ್ತರದ ಜಾಗ, ದಿನವೂ ಒಡನಾಟ, ಆಟ ಇಲ್ಲದಿದ್ದರೆ ಅವು ಮನೆಯ ಸಾಮಾನುಗಳನ್ನೇ ಹಾಳುಗೆಡವುತ್ತವೆ. ಹಾಲು-ಅನ್ನ ಇವಕ್ಕೆ ಸಾಲದು. ಟಾರಿನ್ ಎಂಬ ಪೋಷಕಾಂಶಕ್ಕಾಗಿ ಮಾಂಸಾಹಾರ ಬೇಕೇಬೇಕು. ರಕ್ತಹೀನತೆ ತರುವ ಕಿಣ್ವದೋಷ, ಕುರುಡು ತರುವ ಅಕ್ಷಿಪಟಲದ ಕಾಯಿಲೆಗಳು ಈ ತಳಿಯಲ್ಲಿ ವಂಶಪಾರಂಪರ್ಯವಾಗಿ ಬರಬಲ್ಲವು. ಲಸಿಕೆ, ಸಂತಾನಹರಣ ಚಿಕಿತ್ಸೆ, ಪಶುವೈದ್ಯರ ತಪಾಸಣೆ ಅನಿವಾರ್ಯ.

ಈಗಾಗಲೇ ಮನೆ ಸೇರಿದ ಬೆಕ್ಕನ್ನು ಚೆನ್ನಾಗಿ ನೋಡಿಕೊಳ್ಳುವುದು ಮಾನವೀಯ ಹೊಣೆ. ಆದರೆ ಚುಕ್ಕೆಯ ಮೋಹವನ್ನು ಬೆಳೆಸುವುದು ಬೇರೆಯೇ ಮಾತು. ಮಲೆನಾಡಿನಲ್ಲಿ ಈ ಮೋಹಕ್ಕೆ ಎರಡು ಅಪಾಯಗಳುಂಟು.

ಮೊದಲನೆಯದು, ತೋಟದಲ್ಲಿ ಕಳೆ ತೆಗೆಯುವಾಗ ಸಿಕ್ಕ ಚಿರತೆ ಬೆಕ್ಕಿನ ಮರಿಯನ್ನು ‘ಅನಾಥ’ವೆಂದು ಮನೆಗೆ ತರುವುದು. ಬಹುತೇಕ ಅದರ ತಾಯಿ ಬೇಟೆಗೆ ಹೋಗಿರುತ್ತದೆ. ಜನ ದೂರ ಸರಿದರೆ ಮರಳಿ ಬರುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಈ ಪ್ರಾಣಿಯನ್ನು ಹಿಡಿಯುವುದು, ಸಾಕುವುದು, ಮಾರುವುದು 3ರಿಂದ 7 ವರ್ಷಗಳ ಸೆರೆವಾಸಕ್ಕೆ ಗುರಿಮಾಡುವ ಅಪರಾಧ.

ಎರಡನೆಯದು, ಸಾಕಿದ ಬೆಕ್ಕನ್ನು ಬೇಸರ ಬಂದಾಗ ಕಾಡಂಚಿಗೆ ಬಿಡುವುದು. ಇದರ ಪರಿಣಾಮಕ್ಕೆ ಸ್ಕಾಟ್ಲೆಂಡ್ ಸಾಕ್ಷಿ. ಅಲ್ಲಿ ಅಲೆಮಾರಿ ಸಾಕುಬೆಕ್ಕುಗಳೊಡನೆ ಬೆರೆತು ಕಾಡುಬೆಕ್ಕಿನ ಶುದ್ಧ ಸಂತತಿ ಅಳಿವಿನಂಚಿಗೆ ಬಂದಿತು. ಕೊನೆಗೆ 2023ರಲ್ಲಿ, ಆವರಣದಲ್ಲಿ ಬೆಳೆಸಿದ 19 ಕಾಡುಬೆಕ್ಕುಗಳನ್ನು ಕೇರ್ನ್‌ಗಾರ್ಮ್ಸ್ ಪ್ರದೇಶದಲ್ಲಿ ಬಿಡಬೇಕಾಯಿತು. ಚಿರತೆ ಬೆಕ್ಕು ಸಾಕುಬೆಕ್ಕಿನೊಡನೆ ಕೂಡಿ ಮರಿಹಾಕಬಲ್ಲದೆಂಬುದಕ್ಕೆ ಬೆಂಗಾಲ್ ತಳಿಯೇ ಪುರಾವೆ. ಸಾಕುಬೆಕ್ಕಿನ ರೋಗಗಳು ಕಾಡಿಗೆ ದಾಟುವ ಭಯವೂ ಇದೆ.

ಇಲಿ-ಹೆಗ್ಗಣಗಳೇ ಚಿರತೆ ಬೆಕ್ಕಿನ ಮುಖ್ಯ ಆಹಾರ. ಪಾಷಾಣವಿಲ್ಲದೆ, ಕೂಲಿಯಿಲ್ಲದೆ ಗದ್ದೆ-ತೋಟ ಕಾಯುವ ಜೀವಕ್ಕೆ ರೈತ ಕೊಡಬೇಕಾದದ್ದು ಬೇಲಿಯಂಚಿನ ಒಂದಿಷ್ಟು ಪೊದೆ ಮಾತ್ರ. ಚುಕ್ಕೆಯ ಚೆಲುವನ್ನು ಕಣ್ತುಂಬಿಕೊಳ್ಳಲು ಲಕ್ಷ ರೂಪಾಯಿಯ ಮರಿ ಬೇಡ. ಆ ಪೊದೆಯನ್ನು ಕಡಿಯದಿದ್ದರೆ ಸಾಕು.